ಬಕೆಟ್ ಹಿಡಿಯುವವರು ಒಬ್ಬರು, ಬಿಲ್ ಕಟ್ಟುವವರು ಇನ್ನೊಬ್ಬರು

2025ರ ಜೂನ್ 25. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ನ್ಯಾಟೊ ಶೃಂಗಸಭೆ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಇಸ್ರೇಲ್ ಮತ್ತು ಇರಾನಿನ ಕದನವನ್ನು ಶಾಲೆಯ ಅಂಗಳದಲ್ಲಿ ಕಿತ್ತಾಡುವ ಇಬ್ಬರು ಹುಡುಗರಿಗೆ ಹೋಲಿಸಿದರು. ಪಕ್ಕದಲ್ಲೇ ಕೂತಿದ್ದ ನ್ಯಾಟೊ ಮುಖ್ಯಸ್ಥ ಮಾರ್ಕ್ ರುಟ್ಟೆ ತಡಮಾಡಲಿಲ್ಲ. ಅಂಥ ಹೊತ್ತಲ್ಲಿ ಡ್ಯಾಡಿ ಒಮ್ಮೊಮ್ಮೆ ಗಟ್ಟಿ ಮಾತು ಆಡಬೇಕಾಗುತ್ತದೆ ಎಂದುಬಿಟ್ಟರು. ಅದರ ಹಿಂದಿನ ದಿನವಷ್ಟೇ ರುಟ್ಟೆ ಖಾಸಗಿಯಾಗಿ ಕಳಿಸಿದ್ದ ಸಂದೇಶವೊಂದನ್ನು ಟ್ರಂಪ್ ಜಗತ್ತಿಗೆಲ್ಲ ಕಾಣುವಂತೆ ಹಾಕಿದ್ದರು. ಯುರೋಪು ದೊಡ್ಡದಾಗಿ ದುಡ್ಡು ಬಿಚ್ಚಲಿದೆ, ಇದು ನಿಮ್ಮ ಗೆಲುವು ಅನ್ನುವ ಧಾಟಿಯ ಸಂದೇಶ ಅದು.

ಜನ ಬಿದ್ದು ಬಿದ್ದು ನಕ್ಕರು. ಹತ್ತಿರ ಹತ್ತಿರ 14 ವರ್ಷ ಒಂದು ದೇಶದ ಪ್ರಧಾನಿಯಾಗಿದ್ದವರು, ಈಗ 32 ದೇಶಗಳ ಸೇನಾಕೂಟದ ಮುಖ್ಯಸ್ಥರು, ಹೀಗಾ ಬೆಣ್ಣೆ ಹಚ್ಚೋದು ಅಂತ. ಆದರೆ ಆ ಸಭೆ ಮುಗಿದದ್ದು ಹೇಗೆ ನೋಡಿ. 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆ ಖರ್ಚು ಮಾಡುವ ಮಾತಾಯಿತು. ಕೂಟದಿಂದಲೇ ಹೊರನಡೆದಾರು ಎಂದು ಎಲ್ಲರೂ ಹೆದರಿದ್ದ ಟ್ರಂಪ್ ಖುಷಿಯಾಗಿ ಮನೆಗೆ ಹೋದರು. ಅಂದರೆ ರುಟ್ಟೆಗೆ ಬೇಕಾದದ್ದು ಸಿಕ್ಕಿತು. ಹಾಗಾದರೆ ಅವರು ಮಾಡಿದ್ದು ತಪ್ಪಾ?

ಆ ವರ್ಷ ಇಂಥವು ಸಾಲುಸಾಲಾಗಿ ನಡೆದವು. ಫೆಬ್ರವರಿ 27ರಂದು ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಕ್ಯಾಮೆರಾಗಳ ಎದುರೇ ಕೋಟಿನ ಜೇಬಿನಿಂದ ರಾಜ ಚಾರ್ಲ್ಸ್ ಅವರ ಪತ್ರ ತೆಗೆದರು. ಟ್ರಂಪ್ ಅವರಿಗೆ ಎರಡನೇ ಬಾರಿಗೆ ರಾಜಾತಿಥ್ಯಕ್ಕೆ ಕರೆ. ಹಿಂದೆಂದೂ ಹೀಗಾಗಿಲ್ಲ ಎಂದು ಒತ್ತಿ ಒತ್ತಿ ಹೇಳಿದರು. ಜುಲೈ 7ರಂದು ಇಸ್ರೇಲಿನ ನೆತನ್ಯಾಹು ಊಟದ ಮೇಜಿನಲ್ಲೇ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸಿದ ಪತ್ರ ಕೈಗಿಟ್ಟರು. ಸ್ವಿಟ್ಜರ್ಲೆಂಡ್ ಮೇಲೆ ಆಗಸ್ಟಿನಲ್ಲಿ ಅಮೆರಿಕದ ಶೇ 39ರ ಸುಂಕ ಬಿದ್ದಿತ್ತು. ನವೆಂಬರಿನಲ್ಲಿ ಅಲ್ಲಿನ ಉದ್ಯಮಿಗಳು ರೋಲೆಕ್ಸ್ ಮೇಜಿನ ಗಡಿಯಾರ ಮತ್ತು ಅಕ್ಷರ ಕೆತ್ತಿದ ಚಿನ್ನದ ಗಟ್ಟಿ ಹಿಡಿದು ಶ್ವೇತಭವನಕ್ಕೆ ಹೋದರು. ಕೆಲವೇ ದಿನಗಳಲ್ಲಿ ಸುಂಕ ಶೇ 15ಕ್ಕೆ ಇಳಿಯುವ ಒಪ್ಪಂದ ಹೊರಬಂತು. ಗಡಿಯಾರದಿಂದಲೇ ಸುಂಕ ಇಳಿಯಿತು ಎಂದು ಆಣೆ ಮಾಡಿ ಹೇಳಲಾಗದು. ಆ ಒಪ್ಪಂದದಲ್ಲಿ ದೊಡ್ಡ ಹೂಡಿಕೆಯ ಭರವಸೆಗಳೂ ಇದ್ದವು. ಆದರೆ ಬರಿಗೈಲಿ ಹೋಗಬಾರದು ಎಂಬ ಪಾಠವನ್ನಂತೂ ಎಲ್ಲ ದೇಶದವರೂ ಕಲಿತಿದ್ದಾರೆ.

ಹೊಗಳುಭಟ್ಟರ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಗುಣದ ಮಾತು ಆಡುತ್ತೇವೆ. ಅವನಿಗೆ ಮಾನ ಇಲ್ಲ, ಇವಳಿಗೆ ನಾಚಿಕೆ ಇಲ್ಲ, ಮೇಲೆ ಕೂತವನಿಗೆ ತಲೆ ತಿರುಗಿದೆ, ಹೀಗೆ. ನನಗೆ ಅದಕ್ಕಿಂತ ಲೆಕ್ಕದ ಮೇಲೆ ಕುತೂಹಲ ಜಾಸ್ತಿ. ಹೊಗಳುವವನಿಗೆ ಲಾಭ. ಹೊಗಳಿಸಿಕೊಂಡವನಿಗೆ ಖುಷಿ. ಇಬ್ಬರಿಗೂ ನಷ್ಟವಿಲ್ಲದ ವ್ಯಾಪಾರ ಇದು ಅನ್ನಿಸುತ್ತದೆ, ಅಲ್ವಾ? ಆದರೆ ದುಡ್ಡು ಎಲ್ಲಿಂದಲೋ ಬರಲೇಬೇಕು. ಅದು ಬರುವುದು ಆ ಕೋಣೆಯಲ್ಲಿ ಇಲ್ಲದ ಮೂರನೆಯವನ ಜೇಬಿನಿಂದ.

ಅವನ ಕಡೆ ಹೋಗುವ ಮುಂಚೆ ನಮ್ಮ ಭಾಷೆಯನ್ನೇ ಸ್ವಲ್ಪ ನೋಡೋಣ. ಈ ಕಸುಬಿಗೆ ಕನ್ನಡದಲ್ಲಿರುವಷ್ಟು ಹೆಸರು ಒಳ್ಳೆಯ ಕೆಲಸಗಳಿಗೂ ಇಲ್ಲವೇನೋ. ಬೆಣ್ಣೆ ಹಚ್ಚುವುದು, ಮಸ್ಕಾ ಹೊಡೆಯುವುದು, ಪೂಸಿ ಹೊಡೆಯುವುದು, ಬಾಲ ಬಡಿಯುವುದು, ಚಮಚಾಗಿರಿ, ಭಟ್ಟಂಗಿತನ, ಮುಖಸ್ತುತಿ. ಈಚಿನದು ಬಕೆಟ್ ಹಿಡಿಯುವುದು. ಇಂದ್ರ ಚಂದ್ರ ಎನ್ನುವುದು ಹಳೆಯದು. ಇವೆಲ್ಲ ಹೊಗಳುವವನನ್ನು ಅಣಕಿಸುವ ಮಾತುಗಳು. ಹೊಗಳಿಸಿಕೊಳ್ಳುವವನ ಗತಿ ಹೇಳುವವು ಎರಡೇ ನೆನಪಾಗುತ್ತವೆ. ಒಂದು, ಹೊಗಳಿ ಅಟ್ಟಕ್ಕೇರಿಸುವುದು. ಇನ್ನೊಂದು, ಹೊನ್ನಶೂಲಕ್ಕೇರಿಸುವುದು. ಈ ಎರಡನೆಯದು ಬಸವಣ್ಣನವರ ವಚನದ ಮಾತು. ತನ್ನವರೇ ಪ್ರೀತಿಯಿಂದ ಹೊಗಳಿ ಹೊಗಳಿ ತನ್ನನ್ನು ಚಿನ್ನದ ಶೂಲಕ್ಕೆ ಏರಿಸಿದರು ಎಂದು ಅವರು ನೋಯುತ್ತಾರೆ. ಬಿಜ್ಜಳನ ಆಸ್ಥಾನದ ಭಂಡಾರಿ ಆಗಿದ್ದವರು, ಅಧಿಕಾರವನ್ನು ಒಳಗಿನಿಂದ ಕಂಡವರು ಹೇಳಿದ ಮಾತಿದು. ಚಿನ್ನದ್ದಾದರೂ ಶೂಲ ಶೂಲವೇ. ಆದರೆ ಏರಿದವನಿಗೆ ಮೊದಲು ಕಾಣುವುದು ಚಿನ್ನ.

ಗೊತ್ತಿದ್ದೂ ಯಾಕೆ ಬೀಳುತ್ತೇವೆ?

ಓಲೈಕೆಯನ್ನು ಒಂದು ವಿಷಯವಾಗಿ ಕೂತು ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಜೋನ್ಸ್ ಮೊದಲಿಗರು. 1964ರಲ್ಲಿ ಅವರು ಇದರ ದಾರಿಗಳನ್ನು ಬಿಡಿಸಿಟ್ಟರು. ಎದುರಿನವರನ್ನು ಹೊಗಳುವುದು ಒಂದು ದಾರಿ ಅಷ್ಟೇ. ಅವರ ಅಭಿಪ್ರಾಯಕ್ಕೆ ಹೌದು ಹೌದು ಅನ್ನುವುದು ಇನ್ನೊಂದು. ಅವರಿಗೆ ಇಷ್ಟವಾಗುವ ಹಾಗೆ ತನ್ನನ್ನೇ ತೋರಿಸಿಕೊಳ್ಳುವುದು ಮತ್ತೊಂದು. ಬಾಯಿ ತುಂಬ ಹೊಗಳುವವನು ಬೇಗ ಸಿಕ್ಕಿಬೀಳುತ್ತಾನೆ. ಸುಮ್ನೆ ತಲೆಯಾಡಿಸುವವನು ಸಿಕ್ಕಿಬೀಳುವುದೇ ಇಲ್ಲ.

ಜೋನ್ಸ್ ಒಂದು ಇಕ್ಕಟ್ಟನ್ನೂ ಗುರುತಿಸಿದರು. ಯಾರಿಗೆ ಮೇಲಿನವರ ದಯೆ ತುಂಬ ಬೇಕೋ, ಅವರ ಹೊಗಳಿಕೆಯ ಮೇಲೆಯೇ ಅನುಮಾನ ಜಾಸ್ತಿ. ನಿಮ್ಮ ಬಡ್ತಿ ಯಾರ ಕೈಲಿದೆಯೋ ಅವರನ್ನು ನೀವು ಹೊಗಳಿದರೆ ಯಾಕೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅಂದರೆ ಅಗತ್ಯ ಹೆಚ್ಚಿದಷ್ಟೂ ಈ ಆಯುಧ ಮೊಂಡಾಗಬೇಕು. ಹಾಗಾಗುವುದಿಲ್ಲ. ಯಾಕೆಂದರೆ ಅನುಮಾನ ಬರುವುದು ಪಕ್ಕದಲ್ಲಿ ನಿಂತು ನೋಡುವವರಿಗೆ. ಹೊಗಳಿಸಿಕೊಂಡವರಿಗೆ ಅದನ್ನು ನಂಬುವ ಆಸೆ ಇರುತ್ತದೆ. ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ ಎಂದು ಇವನು ಹೇಳಿದ, ಇವನಿಗೆ ಒಳ್ಳೆ ಕಣ್ಣಿದೆ, ಅಷ್ಟೇ!

ನೆದರ್ಲೆಂಡ್ಸಿನ ರೂಸ್ ವೊಂಕ್ 1998ರಲ್ಲಿ ಈ ಪಕ್ಕದಲ್ಲಿ ನಿಂತವರ ಮೇಲೆ ಪ್ರಯೋಗ ಮಾಡಿದರು. ಒಬ್ಬ ವ್ಯಕ್ತಿ ಮೇಲಿನವರ ಜೊತೆ ನಯವಾಗಿ, ಕೆಳಗಿನವರ ಜೊತೆ ಒರಟಾಗಿ ನಡೆದುಕೊಳ್ಳುವ ವಿವರ ಕೊಟ್ಟಾಗ ಓದಿದವರಿಗೆ ಅವನನ್ನು ಕಂಡರೆ ಆಗಲೇ ಇಲ್ಲ. ಅವನು ಹೇಸಿಗೆಯನ್ನೇ ಹುಟ್ಟಿಸಿದ. ಇದಕ್ಕೆ ವೊಂಕ್ ಇಟ್ಟ ಹೆಸರು ಲೋಳೆ ಪರಿಣಾಮ. ಮೇಲಿದ್ದವರ ಕಾಲು ನೆಕ್ಕಿ ಕೆಳಗಿದ್ದವರನ್ನು ಒದೆಯುವವರನ್ನು ಎಲ್ಲ ಕಚೇರಿಗಳಲ್ಲೂ ಎಲ್ಲರೂ ಗುರುತಿಸುತ್ತಾರೆ. ಗುರುತಿಸದವರು ಒಬ್ಬರೇ. ಅವರ ಸಹಿ ಇಲ್ಲದೆ ಏನೂ ನಡೆಯುವುದಿಲ್ಲ ಅನ್ನುವುದೇ ತಮಾಷೆ.

ಸರಿ, ಹೊಗಳಿಕೆ ಸುಳ್ಳು ಎಂದು ಖಚಿತವಾಗಿ ಗೊತ್ತಿದ್ದರೆ? ಆಗಲೂ ತಪ್ಪಿಸಿಕೊಳ್ಳುವುದು ಕಷ್ಟ. 2010ರಲ್ಲಿ ಹಾಂಗ್‌ಕಾಂಗಿನ ಎಲೇನ್ ಚಾನ್ ಮತ್ತು ಜೈದೀಪ್ ಸೇನ್‌ಗುಪ್ತ ಜನರ ಕೈಗೆ ಒಂದು ಬಟ್ಟೆ ಅಂಗಡಿಯ ಜಾಹೀರಾತು ಕೊಟ್ಟರು. ನಿಮ್ಮ ಉಡುಗೆಯ ಅಭಿರುಚಿ ಸೊಗಸಾಗಿದೆ ಎಂದು ಅದರಲ್ಲಿ ಬರೆದಿತ್ತು. ಓದಿದವರಿಗೆ ಇದು ಎಲ್ಲರಿಗೂ ಹಂಚಿದ ಚೀಟಿ ಎಂದು ಗೊತ್ತು. ಕೇಳಿದಾಗ ಇದೆಲ್ಲ ವ್ಯಾಪಾರದ ಮಾತು ಎಂದು ತಳ್ಳಿಹಾಕಿದರು. ಆದರೆ ಯೋಚಿಸಲು ಸಮಯ ಕೊಡದೆ ಒಳಗಿನ ಒಲವನ್ನು ಅಳೆದಾಗ ಅಂಗಡಿಯ ಮೇಲೆ ಮೆಚ್ಚುಗೆ ಹಾಗೇ ಉಳಿದಿತ್ತು. ಅಂದರೆ ಬುದ್ಧಿ ಹೊಗಳಿಕೆಯನ್ನು ಬಾಗಿಲಲ್ಲೇ ತಡೆಯಿತು. ಅದು ಹಿತ್ತಲಿಂದ ಒಳಗೆ ಬಂದು ಕೂತಿತ್ತು.

ಇದರಿಂದ ಹೊಗಳಿಸಿಕೊಂಡವರಿಗೆ ಏನಾಗುತ್ತದೆ ಎನ್ನುವುದಕ್ಕೆ 2011ರ ಒಂದು ಅಧ್ಯಯನ ಇದೆ. ಸನ್ ಹ್ಯುನ್ ಪಾರ್ಕ್, ಜೇಮ್ಸ್ ವೆಸ್ಟ್‌ಫಾಲ್ ಮತ್ತು ಇಥಾಯ್ ಸ್ಟರ್ನ್ ಅಮೆರಿಕದ ದೊಡ್ಡ ಕಂಪನಿಗಳ ಸಿಇಒಗಳನ್ನು ಗಮನಿಸಿದರು. ಸುತ್ತಲಿನವರಿಂದ ಹೆಚ್ಚು ಹೊಗಳಿಕೆ, ಹೆಚ್ಚು ತಲೆಯಾಡಿಸುವಿಕೆ ಸಿಕ್ಕವರಿಗೆ ತಮ್ಮ ತೀರ್ಮಾನಗಳ ಮೇಲೆ ಅತಿಯಾದ ನಂಬಿಕೆ ಬಂದಿತ್ತು. ಕಂಪನಿ ಸೋಲುತ್ತಿದ್ದರೂ ಅವರು ದಾರಿ ಬದಲಿಸಲಿಲ್ಲ. ಕೊನೆಗೆ ಕೆಲಸ ಕಳೆದುಕೊಳ್ಳುವ ಸಾಧ್ಯತೆಯೂ ಅಂಥವರಿಗೇ ಹೆಚ್ಚಿತ್ತು. ಹೊನ್ನಶೂಲ ಎಂದರೆ ಇದೇ. ಆದರೆ ಇಲ್ಲಿ ಇನ್ನೂ ಒಂದು ವಿಷಯ ಇದೆ, ಅಧ್ಯಯನದ ತಲೆಬರಹದಲ್ಲಿ ಬರದೇ ಇದ್ದದ್ದು. ಸಿಇಒ ಕೈತುಂಬ ಪರಿಹಾರ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ದಾರಿ ಬದಲಿಸದ ಆ ಎರಡು ಮೂರು ವರ್ಷಗಳಲ್ಲಿ ಕೆಲಸ ಹೋದವರು, ಷೇರಿನಲ್ಲಿ ಉಳಿತಾಯ ಇಟ್ಟವರು ಬೇರೆ ಜನ. ಅವರು ಯಾರನ್ನೂ ಹೊಗಳಿರಲಿಲ್ಲ.

ಜಿಂಕೆಯನ್ನು ಕುದುರೆ ಅನ್ನುವುದು

ಹೊಗಳಿಕೆ ಎಂದರೆ ಕೆಳಗಿನವನು ಮೇಲಿನವನಿಗೆ ಹಾಕುವ ಬಲೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಉಲ್ಟಾ. ಬಲೆ ಹಾಕುವವನು ಮೇಲಿನವನೇ.

ಚೀನಾದ ಚರಿತ್ರೆಕಾರ ಸಿಮಾ ಚಿಯೆನ್ ದಾಖಲಿಸಿದ ಒಂದು ಪ್ರಸಂಗ ಇದೆ. ಕ್ರಿಸ್ತಪೂರ್ವ 207. ಚಿನ್ ರಾಜವಂಶದ ಎರಡನೇ ಚಕ್ರವರ್ತಿ ಗದ್ದುಗೆ ಮೇಲೆ ಇದ್ದ. ಅಧಿಕಾರ ಇದ್ದದ್ದು ಮಂತ್ರಿ ಝಾವೊ ಗಾವೊ ಕೈಲಿ. ಒಂದು ದಿನ ಅವನು ಆಸ್ಥಾನಕ್ಕೆ ಜಿಂಕೆ ತರಿಸಿ, ಮಹಾಪ್ರಭು, ಇದೊಂದು ಕುದುರೆ ಎಂದ. ಚಕ್ರವರ್ತಿ ನಕ್ಕ. ತಪ್ಪು ಹೇಳುತ್ತಿದ್ದೀರಿ, ಇದು ಜಿಂಕೆ ಎಂದ. ಸುತ್ತ ನಿಂತವರನ್ನು ಕೇಳಿದರು. ಕೆಲವರು ಬಾಯಿ ಬಿಡಲಿಲ್ಲ. ಕೆಲವರು ಕುದುರೆ ಎಂದರು. ಕೆಲವರು ಜಿಂಕೆ ಎಂದರು. ಜಿಂಕೆ ಎಂದವರನ್ನು ಝಾವೊ ಗಾವೊ ಆಮೇಲೆ ಒಬ್ಬೊಬ್ಬರಾಗಿ ಶಿಕ್ಷೆಗೆ ಸಿಕ್ಕಿಸಿದ. ಅದೇ ವರ್ಷ ಚಕ್ರವರ್ತಿ ಪ್ರಾಣ ಕಳೆದುಕೊಂಡ. ಸ್ವಲ್ಪ ದಿನದಲ್ಲೇ ಝಾವೊ ಗಾವೊ ಕೂಡ ಕೊಲೆಯಾದ. ರಾಜವಂಶವೂ ಬಿತ್ತು. ಜಿಂಕೆ ತೋರಿಸಿ ಕುದುರೆ ಎನ್ನುವುದು ಚೀನೀ ಭಾಷೆಯಲ್ಲಿ ಇವತ್ತಿಗೂ ಬಳಕೆಯಲ್ಲಿರುವ ನುಡಿಗಟ್ಟು.

ಇಲ್ಲಿ ಝಾವೊ ಗಾವೊಗೆ ಹೊಗಳಿಕೆಯಿಂದ ಖುಷಿ ಬೇಕಿರಲಿಲ್ಲ. ಲೆಕ್ಕ ಬೇಕಿತ್ತು. ಯಾರು ನನ್ನವರು, ಯಾರು ಅಲ್ಲ? ಅದಕ್ಕೆ ನಿಜವಾದ ಹೊಗಳಿಕೆ ಕೆಲಸಕ್ಕೆ ಬರುವುದಿಲ್ಲ. ಕುದುರೆಯನ್ನು ಕುದುರೆ ಎನ್ನಲು ಯಾರಿಗೂ ಕಷ್ಟವಿಲ್ಲ. ಎಲ್ಲರ ಕಣ್ಣಿಗೂ ಸುಳ್ಳು ಎಂದು ಕಾಣುವ ಮಾತನ್ನೇ ಆಡಿಸಬೇಕು. ಹೊಗಳಿಕೆ ಎಷ್ಟು ಅಸಂಬದ್ಧವೋ ಅಷ್ಟು ಒಳ್ಳೆಯ ಪರೀಕ್ಷೆ. ಇಂಥ ಕಡೆ ಇಷ್ಟೊಂದು ಯಾಕೆ ಹೊಗಳುತ್ತಾರೆ, ನಂಬುವ ಹಾಗಾದರೂ ಹೊಗಳಬಾರದೇ ಎಂದು ಕೇಳುವುದು ಅಮಾಯಕತನ. ನಂಬಿಸುವುದು ಅವರ ಉದ್ದೇಶವೇ ಅಲ್ಲ. 2025ರ ಆಗಸ್ಟ್ 26ರಂದು ಶ್ವೇತಭವನದ ಸಚಿವ ಸಂಪುಟ ಸಭೆ ಟಿವಿಯಲ್ಲಿ ಮೂರು ಗಂಟೆಗೂ ಜಾಸ್ತಿ ನೇರಪ್ರಸಾರವಾಯಿತು. ಸಚಿವರು ಸರದಿಯ ಮೇಲೆ ಅಧ್ಯಕ್ಷರನ್ನು ಕೊಂಡಾಡಿದರು. ಮೊದಲನೆಯವರು ಹೊಗಳಿದ ಮೇಲೆ ಎರಡನೆಯವರು ಹೊಗಳದೆ ಇರುವುದು ಹೇಗೆ? ಹೊಗಳದಿದ್ದರೆ ಅದೇ ಸುದ್ದಿ. ಹರಾಜಿನ ಹಾಗೆ ಇದು. ಹಿಂದಿನವರಿಗಿಂತ ಒಂದು ರೂಪಾಯಿ ಜಾಸ್ತಿ ಕೂಗಲೇಬೇಕು.

ಈ ಹರಾಜು ಕೋಣೆಯೊಳಗೇ ಮುಗಿದರೆ ನೋಡಲು ಮಜಾ. ಮುಗಿಯುವುದಿಲ್ಲ. ಮೂರನೆಯವನ ಮನೆಗೆ ಬಿಲ್ ಹೋಗುವುದು ಹೇಗೆ ಎಂದು ನೋಡಲು 1958ರ ಚೀನಾಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆಗ ಮಾವೋ ಅವರ ಮಹಾ ಮುನ್ನೆಗೆತದ, ಅಂದರೆ ದೇಶವನ್ನು ಒಂದೇ ನೆಗೆತಕ್ಕೆ ಮುಂದೆ ಒಯ್ಯುವ ಆಂದೋಲನದ ಕಾಲ. ಹಳ್ಳಿಗಳೆಲ್ಲ ಕಮ್ಯೂನ್‌ಗಳಾಗುತ್ತಿದ್ದವು, ಅಂದರೆ ಎಲ್ಲರೂ ಒಟ್ಟಾಗಿ ಬೇಸಾಯ ಮಾಡುವ ಕೂಟಗಳಾಗುತ್ತಿದ್ದವು. ಬೆಳೆ ಹಿಂದೆಂದೂ ಕಾಣದಷ್ಟು ಬರಬೇಕು ಎಂಬುದು ಮೇಲಿನವರ ಆಸೆ. ಕೆಳಗಿನ ಅಧಿಕಾರಿಗಳು ಆ ಆಸೆಯನ್ನೇ ವರದಿ ಮಾಡಿ ಕಳಿಸತೊಡಗಿದರು. ಒಂದು ಕಮ್ಯೂನ್ ಎರಡು ಪಟ್ಟು ಎಂದರೆ ಪಕ್ಕದ್ದು ಐದು ಪಟ್ಟು. ಸೆಪ್ಟೆಂಬರಿನಲ್ಲಿ ಗುವಾಂಗ್‌ಶಿ ಪ್ರಾಂತ್ಯದ ಹುವಾನ್‌ಜಿಯಾಂಗ್‌ನಿಂದ ಬಂದ ಅಂಕಿ ಹೀಗಿತ್ತು: ಒಂದು ಮು ಗದ್ದೆಯಲ್ಲಿ 1,30,434 ಜಿನ್ ಭತ್ತ. ಜಿನ್ ಅಂದರೆ ಅರ್ಧ ಕಿಲೋ. ಒಂದು ಎಕರೆಗೆ ಸುಮಾರು ಆರು ಮು. ನೀವೇ ಗುಣಿಸಿ ನೋಡಿ, ಎಕರೆಗೆ 390 ಟನ್‌ಗೂ ಮೇಲೆ. ಎಕರೆಗೆ ಎರಡು ಮೂರು ಟನ್ ಬಂದರೆ ರೈತ ನೆಮ್ಮದಿಯಾಗಿ ಮಲಗುವ ಬೆಳೆ ಅದು. ಸುತ್ತಲಿನ ಎಷ್ಟೋ ಗದ್ದೆಗಳಿಂದ ಮಾಗಿದ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನೆಟ್ಟು ಅದನ್ನು ತೋರಿಸಿದ್ದರು. ತೆನೆಗಳ ಮೇಲೆ ಮಕ್ಕಳು ನಿಂತಿರುವ ಫೋಟೊ ಕೂಡ ಆಗ ಪತ್ರಿಕೆಯಲ್ಲಿ ಬಂದಿತ್ತು. ತೆನೆಯ ಅಡಿಯಲ್ಲಿ ಬೆಂಚು ಇತ್ತು.

ಇದನ್ನು ನೋಡಿ ಯಾರೂ ನಂಬದೆ ಹೋಗಿದ್ದರೆ ಒಂದು ಜೋಕಾಗಿ ಉಳಿಯುತ್ತಿತ್ತು. ಆದರೆ ಸರ್ಕಾರ ಧಾನ್ಯ ವಸೂಲು ಮಾಡುವುದು ವರದಿಯಾದ ಬೆಳೆಯ ಲೆಕ್ಕದ ಮೇಲೆ. ಕಾಗದದ ಮೇಲೆ ಹತ್ತು ಪಟ್ಟು ಬೆಳೆದಿದ್ದೀರಿ, ಅದಕ್ಕೆ ತಕ್ಕ ಪಾಲು ಕೊಡಿ. ಇಲ್ಲ ಎಂದರೆ ಬಚ್ಚಿಟ್ಟಿದ್ದೀರಿ. ಹೀಗೆ ಊಟದ ಧಾನ್ಯ, ಬಿತ್ತನೆಯ ಬೀಜ ಎಲ್ಲ ಗಾಡಿ ಏರಿತು. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಸತ್ತವರು ಕಡಿಮೆ ಅಂದಾಜಿನಲ್ಲೂ ಒಂದೂವರೆ ಕೋಟಿ. ಹೆಚ್ಚಿನ ಅಂದಾಜುಗಳು ಅದರ ಮೂರು ಪಟ್ಟಿನವರೆಗೆ ಹೋಗುತ್ತವೆ. ಕ್ಷಾಮಕ್ಕೆ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ಮೇಲಿನವರಿಗೆ ಇಷ್ಟವಾಗುವ ಅಂಕಿ ಬರೆದವರು ಸಾಯಲಿಲ್ಲ. ಅದನ್ನು ಓದಿ ಸಂತೋಷಪಟ್ಟವರೂ ಸಾಯಲಿಲ್ಲ. ಭತ್ತ ಬೆಳೆದವರು ಸತ್ತರು.

ನಡುವೆ ಒಬ್ಬರು ನಿಜ ಹೇಳಿದರು. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ 1959ರ ಜುಲೈಯಲ್ಲಿ ಲುಶಾನ್‌ನಲ್ಲಿ ನಡೆದ ಸಭೆಯ ಹೊತ್ತಿಗೆ ಮಾವೋಗೆ ಪತ್ರ ಬರೆದರು. ಅದು ಖಾಸಗಿ ಪತ್ರ, ವಿನಯದ ಪತ್ರ. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿದರು. ಪೆಂಗ್ ಪದವಿ ಹೋಯಿತು. ಒಬ್ಬರಿಗೆ ಹೀಗಾದದ್ದನ್ನು ಕಂಡ ಮೇಲೆ ಉಳಿದ ಎಷ್ಟು ಸಾವಿರ ಅಧಿಕಾರಿಗಳು ತಮ್ಮ ವರದಿಯ ಅಂಕಿಗಳನ್ನು ತಿದ್ದಿಕೊಂಡಿರಬಹುದು? ಅಧಿಕಾರದಲ್ಲಿ ಇರುವವರು ನನಗೆ ಯಾರೂ ನಿಜ ಹೇಳಲಿಲ್ಲ ಎಂದು ಕೊನೆಗೆ ಗೋಳಾಡುವುದನ್ನು ಕೇಳಿದಾಗಲೆಲ್ಲ ನನಗೆ ಈ ಪತ್ರ ನೆನಪಾಗುತ್ತದೆ.

ಬಾಯಿ ಮುಚ್ಚಿ ಹೊಗಳುವವರು

ನಾನೂ ಬಕೆಟ್ ಹಿಡಿದಿದ್ದೇನೆ. ಮೊದಲ ಕೆಲಸದ ದಿನಗಳು. ವಾರದ ಮೀಟಿಂಗಿನಲ್ಲಿ ಬಾಸ್ ಒಂದು ಗಡುವು ಹೇಳಿದರು. ಆಗುವ ಮಾತಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಏನಾದರೂ ತೊಂದರೆ ಇದೆಯಾ ಎಂದು ಅವರೇ ಕೇಳಿದರು. ಯಾರೋ ಒಬ್ಬರು, ಒಳ್ಳೆ ಪ್ರಶ್ನೆ ಸರ್, ಮ್ಯಾನೇಜ್ ಮಾಡ್ತೀವಿ ಎಂದರು. ನಾನು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು. ನಂತರದ ಮೂರು ವಾರ ರಜೆ ಇಲ್ಲದೆ ದುಡಿದದ್ದು ಆ ಮೀಟಿಂಗಿಗೆ ಕರೆಯೇ ಇಲ್ಲದಿದ್ದ ಇಬ್ಬರು ಹೊಸಬರು. ಗಡುವಂತೂ ತಪ್ಪಿತು. ಬಾಸ್ ಕೆಟ್ಟವರಲ್ಲ. ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಆ ಏನೋ ಅನ್ನುವುದನ್ನು ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ.

ತಲೆಯಾಡಿಸುವುದನ್ನು ಯಾರೂ ಹೊಗಳಿಕೆ ಎಂದು ಕರೆಯುವುದಿಲ್ಲ. ಆದರೆ ಅದೇ ಅತಿ ಅಗ್ಗದ, ಅತಿ ಹೆಚ್ಚು ಖರ್ಚಾಗುವ ಹೊಗಳಿಕೆ. ವಿಮಾನಯಾನ ಕ್ಷೇತ್ರಕ್ಕೆ ಇದು ದುಬಾರಿ ಬೆಲೆ ತೆತ್ತ ಮೇಲೆ ಗೊತ್ತಾಯಿತು. 1977ರ ಮಾರ್ಚ್ 27, ಟೆನೆರೀಫ್ ದ್ವೀಪ, ದಟ್ಟ ಮಂಜು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಕಂಪನಿಯ ಹಿರಿಯ ತರಬೇತುದಾರರು. ಜಾಹೀರಾತಿನಲ್ಲಿ ಅವರದೇ ಫೋಟೊ. ಪಕ್ಕದ ಪೈಲಟ್‌ನನ್ನು ಆ ಮಾದರಿಯ ವಿಮಾನಕ್ಕೆ ಪಾಸು ಮಾಡಿದ್ದೂ ಅವರೇ. ವಿಮಾನ ಓಡತೊಡಗಿದಾಗ ಫ್ಲೈಟ್ ಎಂಜಿನಿಯರಿಗೆ ಅನುಮಾನ ಬಂತು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡು ವಿಮಾನಗಳೂ ರನ್‌ವೇ ಮೇಲೆ ಡಿಕ್ಕಿಯಾದವು. 583 ಜನ ಸತ್ತರು. ವಿಮಾನಯಾನದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಅಪಘಾತ ಇಲ್ಲ. ಇಲ್ಲಿ ಯಾರೂ ಯಾರನ್ನೂ ಹೊಗಳಲಿಲ್ಲ. ಹಿರಿಯರು ಹೇಳಿದ ಮೇಲೆ ಸರಿಯೇ ಇರಬೇಕು ಎಂಬ ಮರ್ಯಾದೆ ಸಾಕಾಯಿತು.

ಆದರೆ ವಿಮಾನದವರು ಮುಂದೆ ಮಾಡಿದ್ದು ನೋಡಬೇಕು. ಧೈರ್ಯವಾಗಿ ಮಾತಾಡಿ ಎಂದು ಕಿರಿಯರಿಗೆ ಉಪದೇಶ ಮಾಡಿ ಬಿಡಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಶುರುವಾಗಿ ಕಾಕ್‌ಪಿಟ್ಟಿನ ತರಬೇತಿಯೇ ಬದಲಾಯಿತು. ಕಿರಿಯ ಪೈಲಟ್ ಎಚ್ಚರಿಸುವುದು ಉದ್ಧಟತನವಲ್ಲ, ಅವನ ಕೆಲಸದ ಭಾಗ ಎಂದಾಯಿತು. ಕ್ಯಾಪ್ಟನ್ ಅದನ್ನು ಕೇಳಿಸಿಕೊಳ್ಳುವುದೂ ಪರೀಕ್ಷೆಯ ವಿಷಯವಾಯಿತು. ಗುಣ ತಿದ್ದುವುದನ್ನು ಬಿಟ್ಟು ನಿಯಮ ತಿದ್ದಿದರು. ಇದು ಕೆಲಸ ಮಾಡಿದ್ದಕ್ಕೆ ಒಂದು ಸರಳ ಕಾರಣವೂ ಇದೆ ಅನ್ನಿಸುತ್ತದೆ. ವಿಮಾನ ಬಿದ್ದರೆ ಕ್ಯಾಪ್ಟನ್ ಕೂಡ ಸಾಯುತ್ತಾನೆ. ಬಿಲ್ಲಿನಲ್ಲಿ ಅವನ ಹೆಸರೂ ಇದೆ. ಕಚೇರಿಯಲ್ಲಿ, ಸರ್ಕಾರದಲ್ಲಿ ಹಾಗಿಲ್ಲ.

ಎಲ್ಲ ಕಡೆ ನಿಯಮ ಹಾಕಿದರೂ ಆಗುವುದಿಲ್ಲ. ಕ್ಯಾಥೊಲಿಕ್ ಚರ್ಚು 1587ರಲ್ಲೇ ಸಂತ ಪದವಿಗೆ ಬಂದ ಹೆಸರುಗಳ ವಿರುದ್ಧ ವಾದಿಸಲೆಂದೇ ಒಬ್ಬ ಅಧಿಕಾರಿಯನ್ನು ಇಟ್ಟಿತ್ತು. ಸೈತಾನನ ವಕೀಲ ಎಂದು ಜನ ಕರೆದದ್ದು ಅವನನ್ನೇ. ಕಂಪನಿಗಳು ಈಗ ಇದನ್ನೇ ನಕಲು ಮಾಡುತ್ತವೆ. ಇವತ್ತು ನೀನು ವಿರೋಧ ಮಾಡಬೇಕು ಎಂದು ಒಬ್ಬರನ್ನು ನೇಮಿಸುತ್ತವೆ. ಮನಃಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಇದನ್ನು ಪರೀಕ್ಷಿಸಿದಾಗ ಅಷ್ಟೇನೂ ಪ್ರಯೋಜನ ಕಾಣಲಿಲ್ಲ. ನಾಟಕದ ವಿರೋಧವನ್ನು ಜನ ನಾಟಕವಾಗಿಯೇ ನೋಡುತ್ತಾರೆ. ನಿಜವಾಗಿ ಒಪ್ಪದ ಒಬ್ಬ ಮನುಷ್ಯ ಕೋಣೆಯಲ್ಲಿ ಇದ್ದರೆ ಮಾತ್ರ ಉಳಿದವರು ಯೋಚಿಸತೊಡಗುತ್ತಾರೆ. ಇನ್ನು ಇಟಲಿಯ ರಾಜನೀತಿ ಚಿಂತಕ ಮಾಕಿಯವೆಲ್ಲಿ ಕೊಟ್ಟ ಉಪಾಯ ಇದೆ. ಎಲ್ಲರೂ ನಿಜ ಹೇಳತೊಡಗಿದರೆ ದೊರೆಗೆ ಮರ್ಯಾದೆ ಉಳಿಯುವುದಿಲ್ಲ, ಆದ್ದರಿಂದ ಕೆಲವೇ ಜಾಣರನ್ನು ಆರಿಸಿ ಅವರಿಗೆ ಮಾತ್ರ ನಿಜ ಹೇಳುವ ಸ್ವಾತಂತ್ರ್ಯ ಕೊಡಬೇಕು, ಅದೂ ಕೇಳಿದಾಗ ಮಾತ್ರ. ಚತುರ ಉಪಾಯವೇ. ಆದರೆ ಏನು ಕೇಳಬೇಕು ಎಂದು ದೊರೆಗೆ ಗೊತ್ತಿರಬೇಕಲ್ಲ!

ನಿಜ ಹೇಳುವವನನ್ನು ಇಟ್ಟುಕೊಂಡು ಬಾಳಿದ ದೊರೆ ಎಂದರೆ ಚೀನಾದವರೇ ಮೊದಲು ಹೆಸರಿಸುವುದು ತಾಂಗ್ ವಂಶದ ತಾಯ್‌ಜಾಂಗ್‌ನನ್ನು. ಅವನು ಆಳಿದ್ದು 626ರಿಂದ 649ರವರೆಗೆ. ಅವನ ಮಂತ್ರಿ ವೇಯ್ ಝೆಂಗ್ ಎದುರಿಗೇ ತಪ್ಪು ಹೇಳುತ್ತಿದ್ದ. ಒಂದು ದಿನ ಚಕ್ರವರ್ತಿ ಆಸ್ಥಾನದಿಂದ ಒಳಮನೆಗೆ ಬಂದವನೇ ಆ ಹಳ್ಳಿ ಗಮಾರನನ್ನು ಕೊಂದೇಬಿಡುತ್ತೇನೆ ಎಂದು ಕೂಗಾಡಿದ. ರಾಣಿ ಝಾಂಗ್‌ಸುನ್ ಸುಮ್ಮನೆ ಒಳಗೆ ಹೋದಳು. ಸಮಾರಂಭದ ಉಡುಪು ಉಟ್ಟು ಬಂದು ಕೈಮುಗಿದು ನಿಂತಳು. ದೊರೆ ಜಾಣನಾಗಿದ್ದರೆ ಮಾತ್ರ ಮಂತ್ರಿ ನೇರವಾಗಿ ಮಾತಾಡುತ್ತಾನಂತೆ, ವೇಯ್ ಝೆಂಗ್ ಹೀಗೆ ಮಾತಾಡಿದ ಎಂದರೆ ನೀವು ಎಂಥ ದೊರೆ ಎಂದು ಗೊತ್ತಾಯಿತು, ಅಭಿನಂದಿಸಲು ಬಂದೆ ಎಂದಳು. ತಾಯ್‌ಜಾಂಗ್ ತಣ್ಣಗಾದ.

ಈ ಕಥೆಯನ್ನು ಎಲ್ಲರೂ ನಿಷ್ಠುರ ಮಂತ್ರಿಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ರಾಣಿಯ ಕಥೆ. ನಿಜ ಹೇಳಿದವನ ತಲೆ ಉಳಿಸಿದ್ದು ಒಂದು ಅಪ್ಪಟ ಹೊಗಳಿಕೆ. ಆದ್ದರಿಂದ ಹೊಗಳುವುದೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ಕೈಲಿ ಏನೂ ಇಲ್ಲದವರಿಗೆ ಅದೊಂದೇ ಆಯುಧ ಎಷ್ಟೋ ಸಲ. ಪರೀಕ್ಷೆ ಮಾಡಬೇಕಾದ್ದು ಹೊಗಳಿದ ಮೇಲೆ ಮೂರನೆಯವನ ಸ್ಥಿತಿ ಏನಾಯಿತು ಎಂಬುದನ್ನು. ರಾಣಿ ಹೊಗಳಿದಾಗ ಒಬ್ಬನ ಪ್ರಾಣ ಉಳಿಯಿತು. ಹುವಾನ್‌ಜಿಯಾಂಗ್‌ನ ಅಧಿಕಾರಿ ಹೊಗಳಿದಾಗ ಊರೇ ಹಸಿಯಿತು. ರುಟ್ಟೆ ಅವರದ್ದನ್ನೂ ಹೀಗೇ ಅಳೆಯಬೇಕು. ಒಂದು ಸಭೆ ಉಳಿದದ್ದು ನಿಜ. ಆದರೆ ಮುಂದಿನ ಸಭೆಗೆ ಡ್ಯಾಡಿಗಿಂತ ದೊಡ್ಡ ಮಾತು ಬೇಕಾಗುತ್ತದೆ. ಹೊಗಳಲು ಬಾರದ, ಹೊಗಳಲು ಒಪ್ಪದ ಸಣ್ಣ ದೇಶಗಳು ಏನು ಮಾಡಬೇಕು?

ಎಲ್ಲರೂ ಮಹಾಪ್ರಭುಗಳೇ

ಇಷ್ಟು ದಿನ ಭಟ್ಟಂಗಿಗಳನ್ನು ಇಟ್ಟುಕೊಳ್ಳಲು ಅಧಿಕಾರ ಬೇಕಿತ್ತು. ಈಗ ಫೋನ್ ಸಾಕು.

2025ರ ಏಪ್ರಿಲ್ ಕೊನೆಯ ವಾರ ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಯ ಜಿಪಿಟಿ-4ಒ ಮಾದರಿಗೆ ಒಂದು ಬದಲಾವಣೆ ಮಾಡಿತು. ಅದರ ಬೆನ್ನಿಗೇ ಬಳಸುವವರಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಏನು ಹೇಳಿದರೂ ಆಹಾ ಓಹೋ. ಕೆಲಸಕ್ಕೆ ಬಾರದ ವ್ಯಾಪಾರದ ಯೋಚನೆ ಹೇಳಿದರೆ ನೀವು ಮೇಧಾವಿ. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ವಾಪಸ್ ಪಡೆಯಿತು. ಬಳಕೆದಾರರ ಕ್ಷಣದ ಪ್ರತಿಕ್ರಿಯೆಗೆ ಜಾಸ್ತಿ ತೂಕ ಕೊಟ್ಟದ್ದೇ ತಪ್ಪಾಯಿತು ಎಂದು ಒಪ್ಪಿಕೊಂಡಿತು. ಇದು ಹೇಗಾಗುತ್ತದೆ ಎಂದರೆ, ಯಂತ್ರದ ಉತ್ತರ ಇಷ್ಟವಾದರೆ ಜನ ಹೆಬ್ಬೆರಳು ಮೇಲೆ ಮಾಡುತ್ತಾರೆ. ಆ ಹೆಬ್ಬೆರಳುಗಳಿಂದಲೇ ಯಂತ್ರ ಕಲಿಯುತ್ತದೆ. ಆಂತ್ರೊಪಿಕ್ ಕಂಪನಿಯ ಸಂಶೋಧಕರು 2023ರಲ್ಲೇ ಐದು ಎಐ ಸಹಾಯಕಗಳನ್ನು ಪರೀಕ್ಷಿಸಿ ಇದನ್ನು ಹೇಳಿದ್ದರು. ಸರಿಯಾದ ಉತ್ತರಕ್ಕಿಂತ ಚಂದವಾಗಿ ಬರೆದ ಓಲೈಕೆಯ ಉತ್ತರವನ್ನೇ ಮನುಷ್ಯರು ಆರಿಸುವುದುಂಟು. ಯಾರೂ ಯಂತ್ರಕ್ಕೆ ಬಕೆಟ್ ಹಿಡಿ ಎಂದು ಕಲಿಸಲಿಲ್ಲ. ನಾವು ತಟ್ಟಿದ ಚಪ್ಪಾಳೆಯಿಂದ ಅದು ತಾನೇ ಕಲಿಯಿತು. ಆಸ್ಥಾನದ ಭಟ್ಟಂಗಿಗಳು ಕಲಿತದ್ದೂ ಹೀಗೇ ಅಲ್ವಾ?

2025ರಲ್ಲೇ ಸಂಶೋಧಕಿ ಮೈರಾ ಚೆಂಗ್ ಮತ್ತು ಸಂಗಡಿಗರು 11 ಎಐ ಮಾದರಿಗಳನ್ನು ನೋಡಿದರು. ಬಳಸುವವರು ಮಾಡಿದ್ದನ್ನು ಸರಿ ಎನ್ನುವುದರಲ್ಲಿ ಅವು ಮನುಷ್ಯರಿಗಿಂತ ಶೇ 50ರಷ್ಟು ಮುಂದಿದ್ದವು. ಜಗಳ ಮಾಡಿಕೊಂಡು ಬಂದು ಸಲಹೆ ಕೇಳಿದರೆ ನಿಮ್ಮದೇ ಸರಿ ಎಂದವು. ಹಾಗೆ ಕೇಳಿಸಿಕೊಂಡವರಿಗೆ ತಾನೇ ಸರಿ ಎಂಬ ನಂಬಿಕೆ ಹೆಚ್ಚಿತು, ಹೋಗಿ ರಾಜಿ ಮಾಡಿಕೊಳ್ಳುವ ಮನಸ್ಸು ಕಡಿಮೆಯಾಯಿತು. ಹಾಗಿದ್ದೂ ಓಲೈಸುವ ಯಂತ್ರವೇ ಒಳ್ಳೆಯದು ಎಂದು ಅಂಕ ಕೊಟ್ಟರು. ಇಲ್ಲೂ ಬಿಲ್ ಕಟ್ಟಿದ್ದು ಮೂರನೆಯವರೇ. ಜಗಳದ ಆಚೆ ತುದಿಯಲ್ಲಿ ಒಂದು ಫೋನಿಗೆ ಕಾದು ಕೂತಿದ್ದ ಅಣ್ಣನೋ, ಗೆಳತಿಯೋ.

ಆಗಸ್ಟ್ 7ರಂದು ಓಪನ್‌ಎಐ ಜಿಪಿಟಿ-5 ಬಿಡುಗಡೆ ಮಾಡಿತು. ಇದು ಹೊಗಳುವುದು ಕಡಿಮೆ ಎಂದು ಕಂಪನಿ ಹೇಳಿಕೊಂಡಿತ್ತು. ಬಳಸಿದ ಎಷ್ಟೋ ಜನರಿಗೆ ಬೇಸರವಾಯಿತು. ಇದು ಒಣಒಣ, ನಮಗೆ ಹಳೆಯದೇ ಬೇಕು ಎಂದರು. ಕೆಲವೇ ದಿನಗಳಲ್ಲಿ ಹಣ ಕಟ್ಟುವವರಿಗೆ ಹಳೆಯ 4ಒ ವಾಪಸ್ ಬಂತು. ಅದಾಗಿ ಒಂದು ವಾರದೊಳಗೆ ಹೊಸ ಮಾದರಿಯನ್ನೂ ಸ್ವಲ್ಪ ಬೆಚ್ಚಗೆ ಮಾಡುತ್ತೇವೆ ಎಂದು ಕಂಪನಿ ಪ್ರಕಟಿಸಿತು. ಮುಖಸ್ತುತಿ ಏನಿಲ್ಲ, ಸಣ್ಣಪುಟ್ಟ ಮಾತುಗಳಷ್ಟೇ ಎಂದು ಒಂದು ಉದಾಹರಣೆಯನ್ನೂ ಕೊಟ್ಟಿತು: ಒಳ್ಳೆಯ ಪ್ರಶ್ನೆ.